ಕಡಲೆಕಾಳಿನಷ್ಟು ಉಬ್ಬು, ಹದಿಮೂರು ಮೀಟರ್ ತಂತಿ

ಮಿದುಳಿನ ತೂಕ ಸುಮಾರು 1.4 ಕಿಲೋ. ಇಡೀ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ಪಾಲು ಚಿಕ್ಕದಾದರೂ ಹಸಿವು ದೊಡ್ಡದು. ಹೃದಯ ಹೊರತಳ್ಳುವ ರಕ್ತದಲ್ಲಿ ನೂರಕ್ಕೆ ಹದಿನೈದರಷ್ಟು ನೇರ ತಲೆಗೇ ಹೋಗುತ್ತದೆ. ನಿಮಿಷಕ್ಕೆ 750 ಮಿಲಿಲೀಟರ್, ದಿನಕ್ಕೆ 1,080 ಲೀಟರ್. ಇಷ್ಟೂ ರಕ್ತ ಕತ್ತಿನಲ್ಲಿರುವ ನಾಲ್ಕೇ ನಾಲ್ಕು ಮುಖ್ಯ ನಾಳಗಳಲ್ಲಿ ಮೇಲೇರಿ, ಮಿದುಳಿನ ಬುಡದಲ್ಲಿ ಉಂಗುರದ ಹಾಗೆ ಕೂಡಿಕೊಂಡು, ಅಲ್ಲಿಂದ ಕವಲೊಡೆಯುತ್ತದೆ. ಆ ಉಂಗುರವನ್ನು 1664ರಲ್ಲಿ ವಿವರವಾಗಿ ಬರೆದಿಟ್ಟವನು ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ. ಆ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವನು ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿಸಿದ ಕ್ರಿಸ್ಟೋಫರ್ ರೆನ್.

ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ ಎಂದುಕೊಂಡರೆ ದಿನಕ್ಕೆ 1,03,680 ಬಡಿತ. ವರ್ಷಕ್ಕೆ 3.78 ಕೋಟಿ. ಐವತ್ತು ತುಂಬುವ ಹೊತ್ತಿಗೆ ಹೆಚ್ಚುಕಡಿಮೆ 190 ಕೋಟಿ. ಪ್ರತಿ ಬಡಿತಕ್ಕೂ ರಕ್ತದ ಅಲೆಯೊಂದು ಬಂದು ಆ ಉಂಗುರದ ಕವಲುಗಳಿಗೆ ಅಪ್ಪಳಿಸುತ್ತದೆ. ಮಿದುಳಿನ ರಕ್ತನಾಳಗಳ ಗೋಡೆಯೋ, ದೇಹದ ಬೇರೆ ಕಡೆಯ ಅಷ್ಟೇ ಗಾತ್ರದ ನಾಳಗಳ ಗೋಡೆಗಿಂತ ತೆಳು. ಹೊರಗಿನ ಸ್ಥಿತಿಸ್ಥಾಪಕ ಪದರವೇ ಅವಕ್ಕಿಲ್ಲ. 190 ಕೋಟಿ ಏಟು ತಿಂದ ಮೇಲೂ ಬಹುಪಾಲು ಜನರಲ್ಲಿ ಅಲ್ಲಿ ಏನೂ ಆಗಿರುವುದಿಲ್ಲವಲ್ಲ, ನನಗೆ ಮೊದಲ ಬೆರಗು ಅದೇ. ಕೆಲವರಲ್ಲಿ ಮಾತ್ರ ಕವಲಿನ ಸಂದಿಯಲ್ಲಿ ಗೋಡೆ ಸೋತು ಹೊರಕ್ಕೆ ಉಬ್ಬುತ್ತದೆ. ಅದೇ ಅನ್ಯೂರಿಸಂ. ಆ ಉಬ್ಬಿನ ಗೋಡೆ ಅಲ್ಲಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪ ಇರುವುದಿಲ್ಲ.

ಎಷ್ಟು ಜನರಲ್ಲಿ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಕ್ಕ ಅಂದಾಜು, ವಯಸ್ಕರಲ್ಲಿ ನೂರಕ್ಕೆ ಮೂವರು. ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ನೋಡಲು 35,000 ಜನ ಕೂತಿದ್ದಾರೆ ಎಂದುಕೊಳ್ಳಿ. ಈ ಲೆಕ್ಕದ ಪ್ರಕಾರ ಅವರಲ್ಲಿ ಸಾವಿರಕ್ಕೂ ಹೆಚ್ಚು ಜನರ ತಲೆಯೊಳಗೆ ಇಂಥದ್ದೊಂದು ಉಬ್ಬು ಇದೆ. ಗಾಬರಿಯಾಗುವ ಮೊದಲು ಎರಡನೇ ಸಂಖ್ಯೆಯನ್ನೂ ಕೇಳಿ. ಇಂಥ ಉಬ್ಬು ಒಡೆದು ರಕ್ತಸ್ರಾವ ಆಗುವುದು ಜಗತ್ತಿನಲ್ಲಿ ವರ್ಷಕ್ಕೆ ಲಕ್ಷಕ್ಕೆ ಆರರಿಂದ ಒಂಬತ್ತು ಜನರಿಗೆ. ಅಂದರೆ ಆ ಸ್ಟೇಡಿಯಂನಲ್ಲಿ ಮುಂದಿನ ಒಂದು ವರ್ಷದಲ್ಲಿ ಇಬ್ಬರಿಗೋ ಮೂವರಿಗೋ. ಉಳಿದ ಸಾವಿರ ಮಂದಿಯಲ್ಲಿ ಬಹುಪಾಲು ಜನ ಆಫೀಸಿಗೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ಸಾಯುತ್ತಾರೆ. ತಮ್ಮ ತಲೆಯೊಳಗೆ ಅದು ಇತ್ತು ಎಂದು ಅವರಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ.

ಸಾವಿರ ಮತ್ತು ಮೂರು. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ತಲೆ ತೆರೆಯದೆ ಈ ಉಬ್ಬನ್ನು ಮುಚ್ಚುವ ಚಿಕಿತ್ಸೆ ಸುರಕ್ಷಿತವೇ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಆ ಮೂವರಿಗೆ ಒಂದು ಉತ್ತರ, ಸಾವಿರ ಜನರಿಗೆ ಇನ್ನೊಂದು.

ಮೊದಲು ಆ ಮೂವರ ಕಥೆ. ಉಬ್ಬು ಒಡೆದಾಗ ರಕ್ತ ಮಿದುಳನ್ನು ಸುತ್ತಿದ ಪೊರೆಗಳ ನಡುವಿನ ಜಾಗಕ್ಕೆ ನುಗ್ಗುತ್ತದೆ. ಬದುಕಿದವರೆಲ್ಲ ಹೇಳುವುದು ಒಂದೇ ಮಾತು: ಹುಟ್ಟಿದಾಗಿನಿಂದ ಅಂಥ ತಲೆನೋವು ಬಂದಿರಲಿಲ್ಲ. ಕ್ಷಣಾರ್ಧದಲ್ಲಿ ಶುರುವಾಗಿ ಕ್ಷಣಾರ್ಧದಲ್ಲೇ ನೆತ್ತಿಗೇರುವ ನೋವು, ಜೊತೆಗೆ ವಾಂತಿ, ಕತ್ತು ಬಿಗಿತ. ನೂರಕ್ಕೆ ಹತ್ತರಿಂದ ಹದಿನೈದು ಜನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಡುತ್ತಾರೆ. ಒಟ್ಟಾರೆ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಿಗೂ ಗಡಿಯಾರ ನಿಂತಿರುವುದಿಲ್ಲ. ಒಡೆದ ಜಾಗಕ್ಕೆ ರಕ್ತವೇ ಹೆಪ್ಪುಗಟ್ಟಿ ತಾತ್ಕಾಲಿಕ ತೇಪೆ ಹಾಕಿರುತ್ತದೆ, ಅಷ್ಟೆ. ಆ ತೇಪೆ ಮತ್ತೆ ಕಿತ್ತುಬರುವ ಅಪಾಯ ಅತಿ ಹೆಚ್ಚು ಇರುವುದು ಮೊದಲ 24 ಗಂಟೆಯಲ್ಲಿ. ಸಾಮಾನ್ಯ ತಲೆನೋವೆಂದು ಮಾತ್ರೆ ನುಂಗಿ ಮಲಗಿದವರು ಕಳೆದುಕೊಳ್ಳುವುದು ಈ 24 ಗಂಟೆಯನ್ನೇ. ನೋವು ಶುರುವಾದ ಆರು ಗಂಟೆಯೊಳಗೆ ಮಾಡಿದ ಸಿ.ಟಿ. ಸ್ಕ್ಯಾನ್ ಇದನ್ನು ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ತಡವಾದಷ್ಟೂ ರಕ್ತದ ಗುರುತು ಮಸುಕಾಗುತ್ತದೆ.

ಹಾಗಾಗಿ ಉಬ್ಬನ್ನು ಮುಚ್ಚಲೇಬೇಕು, ಬೇಗ ಮುಚ್ಚಬೇಕು. 1937ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಉಬ್ಬಿನ ಕೊರಳಿಗೆ ಬೆಳ್ಳಿಯ ಕ್ಲಿಪ್ ಹಾಕಿದ. ಅಲ್ಲಿಂದ ಅರ್ಧ ಶತಮಾನ ಕ್ಲಿಪ್ಪಿನದೇ ರಾಜ್ಯಭಾರ. ಮೂಳೆ ಕತ್ತರಿಸಿ, ಮಿದುಳನ್ನು ಮೆಲ್ಲಗೆ ಸರಿಸಿ, ಸೂಕ್ಷ್ಮದರ್ಶಕದ ಕೆಳಗೆ ಕೊರಳು ಹುಡುಕಿ ಚಿಮುಟುವ ಕೆಲಸ. ಕೈ ಪಳಗಿದ ಸರ್ಜನ್‌ಗಳು ಇವತ್ತಿಗೂ ಅದನ್ನು ಮಾಡುತ್ತಾರೆ. ಕೆಲವು ಉಬ್ಬುಗಳಿಗೆ ಇವತ್ತಿಗೂ ಅದೇ ಸರಿಯಾದ ದಾರಿ.

ಒಳಗಿನಿಂದಲೇ ಹೋಗಬಹುದಲ್ಲ ಎಂಬ ಯೋಚನೆಯ ಹಿಂದೆ ಒಂದು ಬಲೂನು ಇದೆ. 1959ರ ಮೇ ದಿನಾಚರಣೆಯಲ್ಲಿ ಮಕ್ಕಳು ದಾರ ಹಿಡಿದು ಬಲೂನನ್ನು ಬೇಕಾದ ಕಡೆ ಆಡಿಸುತ್ತಿದ್ದುದನ್ನು ಮಾಸ್ಕೋದ ನರಶಸ್ತ್ರವೈದ್ಯ ಫ್ಯೋದರ್ ಸೆರ್ಬಿನೆಂಕೊ ನೋಡಿದರಂತೆ. ನಾಳದೊಳಗೆ ಹರಿಯುವ ರಕ್ತವೇ ಪುಟ್ಟ ಬಲೂನನ್ನು ಹೊತ್ತುಕೊಂಡು ಹೋಗಬಾರದೇಕೆ? ವರ್ಷಗಟ್ಟಲೆ ಅದನ್ನೇ ತಿದ್ದಿ ತೀಡಿ, ಬೇಕಾದ ಜಾಗದಲ್ಲಿ ಕಳಚಿಕೊಳ್ಳುವ ಬಲೂನು ಮಾಡಿದರು. 1974ರಲ್ಲಿ ಅವರ ಲೇಖನ ಅಮೆರಿಕದ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ 300ಕ್ಕೂ ಹೆಚ್ಚು ರೋಗಿಗಳ ಅನುಭವ ಇತ್ತು. ಶೀತಲ ಸಮರದ ಆ ಕಾಲದಲ್ಲಿ ಪಶ್ಚಿಮದ ವೈದ್ಯರು ಇದನ್ನು ಓದಿ ಹೇಗೆ ಬೆಚ್ಚಿಬಿದ್ದಿರಬಹುದು ಎಂದು ಊಹಿಸಲು ನನಗೆ ಈಗಲೂ ಖುಷಿ.

ಆದರೆ ಬಲೂನು ದುಂಡಗೆ, ಉಬ್ಬು ದುಂಡಗಿರಬೇಕೆಂದೇನೂ ಇಲ್ಲ. ಗಟ್ಟಿ ಬಲೂನು ತೆಳ್ಳನೆ ಗೋಡೆಯನ್ನು ಒಳಗಿನಿಂದ ಒತ್ತಿದರೆ ಒಡೆಯಬಾರದ್ದೇ ಒಡೆಯುತ್ತದೆ. ಇಟಲಿಯ ಗುಯಿಡೊ ಗುಲ್ಯೆಲ್ಮಿ ಬೇರೆ ದಾರಿ ಹಿಡಿದಿದ್ದರು. ಉಬ್ಬಿನೊಳಗೆ ತಂತಿ ತೂರಿಸಿ, ವಿದ್ಯುತ್ ಹರಿಸಿ, ರಕ್ತ ಹೆಪ್ಪುಗಟ್ಟಿಸುವ ಪ್ರಯೋಗವನ್ನು ಅವರು ಎಂಬತ್ತರ ದಶಕದ ಆರಂಭದಲ್ಲಿ ಪ್ರಾಣಿಗಳ ಮೇಲೆ ನಡೆಸುತ್ತಿದ್ದರು. ಒಂದು ಸಲ ವಿದ್ಯುತ್ತಿನಿಂದ ಉಕ್ಕು ಕರಗಿ ತಂತಿಯ ತುದಿಯೇ ಕಳಚಿ ಒಳಗೆ ಉಳಿಯಿತು. ಪ್ರಯೋಗ ಕೆಟ್ಟಿತು ಎಂದು ಬರೆದು ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಆ ಅವಘಡವನ್ನೇ ಉಪಾಯ ಮಾಡಿಕೊಂಡರು. ಉಕ್ಕಿನ ತಂತಿಯ ತುದಿಗೆ ಮೆತ್ತನೆಯ ಪ್ಲಾಟಿನಂ ಸುರುಳಿ. ಸುರುಳಿ ಸರಿಯಾಗಿ ಕೂತಿದೆ ಅನ್ನಿಸಿದರೆ ಒಂದು ಮಿಲಿಆಂಪಿಯರ್ ವಿದ್ಯುತ್. ನಮ್ಮ ಸಾಮಾನ್ಯ ಮೊಬೈಲ್ ಚಾರ್ಜರ್ ಕೊಡುವುದರ ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟಕ್ಕೇ ಬೆಸುಗೆಯ ಹತ್ತಿರದ ಉಕ್ಕು ರಕ್ತದಲ್ಲಿ ಕರಗಿ ಸುರುಳಿ ಕಳಚಿಕೊಳ್ಳುತ್ತದೆ. ಸರಿಯಾಗಿ ಕೂರಲಿಲ್ಲವೋ, ವಿದ್ಯುತ್ ಕೊಡುವ ಮೊದಲು ಎಷ್ಟು ಸಲ ಬೇಕಾದರೂ ಹೊರಗೆಳೆದು ಮತ್ತೆ ಹಾಕಬಹುದು. 1990ರಲ್ಲಿ ಮೊದಲ ರೋಗಿ. 1995ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ.

ಈಗ ಆ ಸುರುಳಿಯನ್ನು ಹತ್ತಿರದಿಂದ ನೋಡೋಣ. ಡಾಕ್ಟರುಗಳು ಅದನ್ನು ಕಾಯಿಲ್ ಅನ್ನುತ್ತಾರೆ. 7 ಮಿಲಿಮೀಟರ್ ಅಡ್ಡಳತೆಯ, ಅಂದರೆ ಒಂದು ಕಡಲೆಕಾಳಿನಷ್ಟು ಉಬ್ಬು ಇದೆ ಎನ್ನೋಣ. ಅದರೊಳಗಿನ ಜಾಗ 180 ಘನ ಮಿಲಿಮೀಟರ್, ಒಂದು ಮಿಲಿಲೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಇದನ್ನು ಪೂರ್ತಿ ತುಂಬುವ ಗೋಜಿಗೆ ಯಾರೂ ಹೋಗುವುದಿಲ್ಲ. ಕಾಲುಭಾಗ ತುಂಬಿದರೆ ಸಾಕು, ಉಳಿದ ಮುಕ್ಕಾಲು ಭಾಗವನ್ನು ಹೆಪ್ಪುಗಟ್ಟಿದ ರಕ್ತವೇ ತುಂಬಿಕೊಳ್ಳುತ್ತದೆ. ಕಾಯಿಲ್‌ನ ದಪ್ಪ ಕಾಲು ಮಿಲಿಮೀಟರ್. ಈ ದಪ್ಪದ ಕಾಯಿಲ್‌ನಿಂದ ಆ ಕಾಲುಭಾಗ ತುಂಬಲು ಎಷ್ಟು ಉದ್ದ ಬೇಕು? ಹೆಚ್ಚುಕಡಿಮೆ 90 ಸೆಂಟಿಮೀಟರ್. ಕಡಲೆಕಾಳಿನೊಳಗೆ ಮೂರು ಅಡಿ!

ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ಆ ಕಾಯಿಲ್ ಕೂಡ ಒಂದು ಎಳೆಯಲ್ಲ. ಅದಕ್ಕಿಂತ ಸಣ್ಣ ತಂತಿಯನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ ಮಾಡಿದ್ದು. ಒಳಗಿನ ತಂತಿಯ ದಪ್ಪ ಸುಮಾರು 0.045 ಮಿಲಿಮೀಟರ್, ನಮ್ಮ ತಲೆಗೂದಲಿಗಿಂತ ತೆಳು. ಒಂದು ಮಿಲಿಮೀಟರ್ ಉದ್ದದ ಕಾಯಿಲ್‌ನಲ್ಲಿ ಅದು ಇಪ್ಪತ್ತೆರಡು ಸುತ್ತು ಸುತ್ತಿರುತ್ತದೆ. ಬಿಚ್ಚಿ ಎಳೆದರೆ ಆ 90 ಸೆಂಟಿಮೀಟರ್ ಕಾಯಿಲ್ 13 ಮೀಟರ್ ತಂತಿಯಾಗುತ್ತದೆ. ಮೂರು ಮಹಡಿ ಮನೆಯ ತಾರಸಿಯಿಂದ ಇಳಿಬಿಟ್ಟರೆ ನೆಲ ಮುಟ್ಟುವಷ್ಟು. ತೂಕ? ಪ್ಲಾಟಿನಂ ನೀರಿಗಿಂತ 21 ಪಟ್ಟು ಭಾರ, ಆದರೂ ಇಷ್ಟೂ ತಂತಿ ಅರ್ಧ ಗ್ರಾಂ ತೂಗುವುದಿಲ್ಲ.

ಇದನ್ನು ಅಲ್ಲಿಗೆ ಮುಟ್ಟಿಸುವ ದಾರಿ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಶುರುವಾಗುತ್ತದೆ. ಹೊರಗೆ ಕಾಣುವ ಗಾಯ ಎರಡು ಮೂರು ಮಿಲಿಮೀಟರಿನದು. ತೊಡೆಯ ನಾಳದಿಂದ 25 ಮಿಲಿಮೀಟರ್ ಅಗಲದ ಮಹಾಪಧಮನಿಗೆ, ಅಲ್ಲಿಂದ ಎದೆಯ ಮೇಲ್ಗಡೆಯ ಕಮಾನು ದಾಟಿ ಕತ್ತಿಗೆ, ಕತ್ತಿನಿಂದ ಬುರುಡೆಯ ಬುಡದ ಮೂಳೆಯೊಳಗಿನ ತಿರುವುಗಳನ್ನು ಹಾಯ್ದು ಎರಡು ಮೂರು ಮಿಲಿಮೀಟರಿನ ಕವಲಿಗೆ. ಒಂದು ಮೀಟರಿನಷ್ಟು ಪಯಣ. ದೊಡ್ಡ ಕೊಳವೆಯೊಳಗೆ ಸಣ್ಣ ಕೊಳವೆ. ಆ ಸಣ್ಣ ಕೊಳವೆಯ ಒಳಗಿನ ತೂತು 0.43 ಮಿಲಿಮೀಟರ್, ಅದರೊಳಗೆ ದಾರಿ ತೋರಲು 0.36 ಮಿಲಿಮೀಟರಿನ ತಂತಿ. ಉಬ್ಬು ಯಾವ ಕೋನದಲ್ಲಿ ಬಾಯಿ ತೆರೆದಿದೆ ಎಂದು ಮೂರು ಆಯಾಮದ ಚಿತ್ರದಲ್ಲಿ ನೋಡಿಕೊಂಡು, ಸಣ್ಣ ಕೊಳವೆಯ ತುದಿಯನ್ನು ಬಿಸಿ ಆವಿಗೆ ಹಿಡಿದು ಬಗ್ಗಿಸಿಕೊಳ್ಳುತ್ತಾರೆ. ಈ ಚಿಕಿತ್ಸೆ ನಡೆಯುವ, ಕೋಟಿಗಟ್ಟಲೆ ಬೆಲೆಯ ಕ್ಯಾಥ್ ಲ್ಯಾಬ್ ನಡುವೆ ಈ ಆವಿಯ ಕೆಲಸ ನನಗೆ ಬಹಳ ಇಷ್ಟ. ಉಳಿದದ್ದೆಲ್ಲ ಯಂತ್ರ, ಇದೊಂದು ಕೈಕಸುಬು.

ಕಷ್ಟ ಇರುವುದು ಕೊನೆಯ ಒಂದು ಸೆಂಟಿಮೀಟರಿನಲ್ಲಿ. ತೊಡೆಯ ಹತ್ತಿರ ಕೊಳವೆಯನ್ನು ಒಂದು ಮಿಲಿಮೀಟರ್ ತಳ್ಳಿದರೆ ತಲೆಯಲ್ಲಿ ತುದಿ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ ಎಂಬ ಭರವಸೆ ಇಲ್ಲ. ತಿರುವುಗಳಲ್ಲಿ ಬಿಗಿ ಸೇರಿಕೊಂಡು, ನಾಲ್ಕು ಸಲ ತಳ್ಳಿದರೂ ಅಲ್ಲಾಡದ ತುದಿ ಐದನೇ ಸಲಕ್ಕೆ ಒಮ್ಮೆಲೇ ಜಿಗಿಯಬಹುದು. ಎದುರಿಗೆ ಇರುವುದು ಆ ತೆಳ್ಳನೆ ಗೋಡೆ. ಅದಕ್ಕೇ ಕೆಲಸ ಬಲ್ಲವರು ತಳ್ಳುವುದಕ್ಕಿಂತ ಹೆಚ್ಚು ಹೊತ್ತು ಹಿಂದಕ್ಕೆ ಎಳೆದು ಬಿಗಿ ಸಡಿಲಿಸುವುದರಲ್ಲಿ ಕಳೆಯುತ್ತಾರೆ. ಮೊದಲ ಕಾಯಿಲ್ ಒಳಗೋಡೆಗೆ ಅಂಟಿದಂತೆ ಬುಟ್ಟಿ ಹೆಣೆಯುತ್ತದೆ, ಆಮೇಲಿನವು ಬುಟ್ಟಿ ತುಂಬುತ್ತವೆ, ಕೊನೆಯ ಅತಿ ಮೆತ್ತನೆಯವು ಕೊರಳಿನ ಬಳಿಯ ಸಂದು ಮುಚ್ಚುತ್ತವೆ. ಒಡೆದ ಉಬ್ಬಿಗೆ ಕಾಯಿಲ್ ಹಾಕುವಾಗ ನೂರಕ್ಕೆ ಸುಮಾರು ನಾಲ್ಕು ಸಲ ಅದು ಮೇಜಿನ ಮೇಲೇ ಮತ್ತೆ ತೂತಾಗುತ್ತದೆ ಎಂದು ಹಳೆಯ ಅಧ್ಯಯನಗಳು ಹೇಳುತ್ತವೆ. ಇನ್ನೂ ಸಾಮಾನ್ಯವಾದ ತೊಂದರೆ ಇದರ ತದ್ವಿರುದ್ಧ: ಕೊಳವೆಯ ಮೇಲೋ ಕಾಯಿಲ್ ಮೇಲೋ ಕಟ್ಟಿದ ಹೆಪ್ಪು ಕಿತ್ತು ಮುಂದಿನ ಕವಲು ಮುಚ್ಚಿ ಲಕ್ವ ಹೊಡೆಯುವುದು.

ತಲೆ ತೆರೆಯುವುದಿಲ್ಲ ಎಂದಮೇಲೆ ಅಪಾಯ ಕಡಿಮೆ ಇರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆಲ್ಲ ಬೆಲೆ ಇಲ್ಲ, ಎಣಿಸಿ ನೋಡಬೇಕು. ಎಣಿಸಿದವರು ಆಕ್ಸ್‌ಫರ್ಡ್‌ನ ಆಂಡ್ರ್ಯೂ ಮಾಲಿನೊ ಮತ್ತು ರಿಚರ್ಡ್ ಕರ್. ಅವರ ಐಸ್ಯಾಟ್ ಅಧ್ಯಯನ 1994ರಲ್ಲಿ ಶುರುವಾಯಿತು. ಬಹುಪಾಲು ಬ್ರಿಟನ್ ಮತ್ತು ಯೂರೋಪಿನ 43 ಆಸ್ಪತ್ರೆಗಳು, ಉಬ್ಬು ಒಡೆದ 9,559 ರೋಗಿಗಳ ಪರಿಶೀಲನೆ. ಅವರಲ್ಲಿ ಕ್ಲಿಪ್ಪಾದರೂ ಆದೀತು, ಕಾಯಿಲ್ ಆದರೂ ಆದೀತು ಎಂದು ಎರಡೂ ಕಡೆಯ ಡಾಕ್ಟರುಗಳು ಒಪ್ಪಿದ 2,143 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. 2002ರ ಮೇ ತಿಂಗಳಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಒಂದು ಪಾಲಿನವರು ಇನ್ನೊಂದು ಪಾಲಿನವರಿಗಿಂತ ಚೆನ್ನಾಗಿರುವುದು ಕಣ್ಣಿಗೆ ಹೊಡೆಯುತ್ತಿತ್ತು, ಚೀಟಿ ಎತ್ತುವುದನ್ನು ಮುಂದುವರಿಸುವುದೇ ತಪ್ಪಾಗುತ್ತಿತ್ತು.

ವರ್ಷದ ಕೊನೆಗೆ ಕಾಯಿಲ್ ಪಾಲಿನ 1,063 ಜನರಲ್ಲಿ 250 ಮಂದಿ ಸತ್ತಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದರು. ಕ್ಲಿಪ್ ಪಾಲಿನ 1,055 ಜನರಲ್ಲಿ 326 ಮಂದಿ. 23.5 ಮತ್ತು 30.9. ನೂರಕ್ಕೆ 7.4 ವ್ಯತ್ಯಾಸ. ಹದಿಮೂರು ಹದಿನಾಲ್ಕು ಜನರಿಗೆ ಕ್ಲಿಪ್ ಬದಲು ಕಾಯಿಲ್ ಹಾಕಿದರೆ ಅವರಲ್ಲಿ ಒಬ್ಬರು ತಮ್ಮ ಕೈಯಾರೆ ಉಂಡು, ತಮ್ಮ ಕಾಲ ಮೇಲೆ ತಿರುಗಾಡುವಂತಾಗುತ್ತದೆ. ವೈದ್ಯಕೀಯದಲ್ಲಿ ಇದು ಸಣ್ಣ ಲಾಭವಲ್ಲ. ನರಶಸ್ತ್ರಚಿಕಿತ್ಸೆಯ ಜಗತ್ತು ಇದನ್ನು ಸುಮ್ಮನೆ ಒಪ್ಪಲಿಲ್ಲ. ಅವರ ತಕರಾರಿನಲ್ಲಿ ಹುರುಳೂ ಇತ್ತು. ಪರಿಶೀಲಿಸಿದ ಐದು ಜನರಲ್ಲಿ ನಾಲ್ವರು ಚೀಟಿಗೆ ಬಂದೇ ಇರಲಿಲ್ಲ. ಬಂದವರಲ್ಲಿ ನೂರಕ್ಕೆ 88 ಜನ ಪ್ರಜ್ಞೆ ಚೆನ್ನಾಗಿದ್ದವರು, 97 ಜನರ ಉಬ್ಬು ಮಿದುಳಿನ ಮುಂಭಾಗದ ನಾಳಗಳಲ್ಲಿತ್ತು. ಕೋಮಾದಲ್ಲಿ ಬಂದವರಿಗೆ ಈ ಉತ್ತರ ಹಾಗೇ ಅನ್ವಯಿಸುತ್ತದೆ ಎನ್ನಲು ಆಗುವುದಿಲ್ಲ.

ಇನ್ನೊಂದು ಅನುಮಾನ: ಲೋಹದ ಸುರುಳಿಯ ಮೇಲೆ ವರ್ಷಕ್ಕೆ 3.78 ಕೋಟಿ ಏಟು ಬಿದ್ದರೆ ಅದು ಕುಗ್ಗಿ, ಉಬ್ಬು ಮತ್ತೆ ಬಾಯಿ ತೆರೆಯುವುದಿಲ್ಲವೇ? ತೆರೆಯುತ್ತದೆ. ಕಾಯಿಲ್ ಹಾಕಿದ ಐದು ಉಬ್ಬುಗಳಲ್ಲಿ ಒಂದು ಸ್ವಲ್ಪವಾದರೂ ತೆರೆದುಕೊಳ್ಳುತ್ತದೆ, ಹತ್ತರಲ್ಲಿ ಒಂದಕ್ಕೆ ಎರಡನೇ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೇ ಕಾಯಿಲ್ ಹಾಕಿಸಿಕೊಂಡವರನ್ನು ಆರು ತಿಂಗಳಿಗೆ, ಆಮೇಲೆ ವರ್ಷಗಳ ಅಂತರದಲ್ಲಿ ಸ್ಕ್ಯಾನ್‌ಗೆ ಕರೆಯುತ್ತಾರೆ. ಆದರೆ ಬಾಯಿ ತೆರೆಯುವುದು ಬೇರೆ, ಒಡೆಯುವುದು ಬೇರೆ. ಐಸ್ಯಾಟ್‌ನ 1,644 ಬ್ರಿಟಿಷ್ ರೋಗಿಗಳನ್ನು ಹತ್ತರಿಂದ ಹದಿನೆಂಟು ವರ್ಷ ಬೆನ್ನು ಹತ್ತಿ ನೋಡಿದರು. ಮೊದಲ ವರ್ಷ ಕಳೆದ ಮೇಲೆ ಅದೇ ಉಬ್ಬು ಮತ್ತೆ ಒಡೆದದ್ದು ಕಾಯಿಲ್ ಪಾಲಿನಲ್ಲಿ 13 ಜನರಿಗೆ, ಕ್ಲಿಪ್ ಪಾಲಿನಲ್ಲಿ 4 ಜನರಿಗೆ. ಮೂರು ಪಟ್ಟು ಹೆಚ್ಚು ಎಂದು ಬೇಕಾದರೂ ಹೇಳಬಹುದು, 809 ಜನರಲ್ಲಿ ಬರೀ 13 ಎಂದೂ ಹೇಳಬಹುದು. ಎರಡೂ ನಿಜ. ಹತ್ತು ವರ್ಷದ ಕೊನೆಗೆ ಬದುಕಿದ್ದವರು ಕಾಯಿಲ್ ಪಾಲಿನಲ್ಲಿ ನೂರಕ್ಕೆ 83, ಕ್ಲಿಪ್ ಪಾಲಿನಲ್ಲಿ 79.

ಉಬ್ಬು ಚೆನ್ನಾಗಿ ಮುಚ್ಚಿದ ಮೇಲೂ ನಾಲ್ವರಲ್ಲಿ ಒಬ್ಬರು ಯಾಕೆ ಕೆಡುತ್ತಾರೆ? ಸೋರಿದ ರಕ್ತ ಮಿದುಳಿನ ಸುತ್ತ ಕೂತು ಕರಗುವಾಗ, ನಾಲ್ಕನೇ ದಿನದಿಂದ ಎರಡು ವಾರದವರೆಗೆ, ಅಕ್ಕಪಕ್ಕದ ನಾಳಗಳು ಸೆಟೆದುಕೊಳ್ಳುತ್ತವೆ. ಅದಕ್ಕೆ ನಿಮೋಡಿಪಿನ್ ಮಾತ್ರೆ. ನಾಲ್ಕು ಗಂಟೆಗೊಮ್ಮೆ 60 ಮಿಲಿಗ್ರಾಂ, ಹಗಲು ರಾತ್ರಿ, 21 ದಿನ. 30 ಮಿಲಿಗ್ರಾಂ ಮಾತ್ರೆಯಾದರೆ 252 ಮಾತ್ರೆ. ರಾತ್ರಿ ಎರಡು ಗಂಟೆಗೆ ರೋಗಿಯನ್ನು ಎಬ್ಬಿಸಿ ಮಾತ್ರೆ ಕೊಡುವ ನರ್ಸ್ ಬಗ್ಗೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಪ್ಲಾಟಿನಂ ಸುರುಳಿಯ ಹೊಳಪಿನಲ್ಲಿ ಈ ಮಾತ್ರೆಗಳ ಲೆಕ್ಕ ಮರೆತುಹೋಗುತ್ತದೆ.

ತಲೆ ತೆರೆಯದ ಈ ಚಿಕಿತ್ಸೆಯ ಗೆಲುವು, ಸೋಲು ಎರಡನ್ನೂ ಒಂದೇ ತಲೆಯಲ್ಲಿ ಕಂಡವರೂ ಇದ್ದಾರೆ. ಗೇಮ್ ಆಫ್ ಥ್ರೋನ್ಸ್ ನಟಿ ಎಮಿಲಿಯಾ ಕ್ಲಾರ್ಕ್‌ಗೆ 2011ರ ಫೆಬ್ರುವರಿಯಲ್ಲಿ, 24ನೇ ವಯಸ್ಸಿನಲ್ಲಿ, ಲಂಡನ್ನಿನ ಜಿಮ್‌ನಲ್ಲಿ ವ್ಯಾಯಾಮ ಮಾಡುತ್ತಿದ್ದಾಗ ಉಬ್ಬು ಒಡೆಯಿತು. ತಲೆ ತೆರೆಯದೆ ಮೂರು ಗಂಟೆಯಲ್ಲಿ ಅದನ್ನು ಮುಚ್ಚಿದರು. ಆಗಲೇ ಇನ್ನೊಂದು ಸಣ್ಣ ಉಬ್ಬು ಕಂಡಿತ್ತು, ನೋಡೋಣ ಎಂದು ಬಿಟ್ಟಿದ್ದರು. 2013ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಅದು ಎರಡು ಪಟ್ಟಾಗಿತ್ತು. ಅದೇ ಬಗೆಯ ಚಿಕಿತ್ಸೆ, ಈ ಸಲ ಕೈಕೊಟ್ಟಿತು. ಭಾರಿ ರಕ್ತಸ್ರಾವವಾಗಿ, ಕೂಡಲೇ ಬುರುಡೆ ತೆರೆದು ಉಳಿಸಿದರು. ಇದೆಲ್ಲ ಅವರೇ 2019ರಲ್ಲಿ ಬರೆದಿದ್ದಾರೆ. ಮೊದಲನೆಯದು ಒಡೆದ ಉಬ್ಬು, ಎರಡನೆಯದು ಒಡೆಯದ್ದು ಎಂಬುದನ್ನು ಗಮನಿಸಿ.

ಇಲ್ಲಿಂದ ಸ್ಟೇಡಿಯಂನ ಆ ಸಾವಿರ ಜನರ ಕಥೆ. ಈಗ ತಲೆಸುತ್ತಿಗೂ ಎಂ.ಆರ್.ಐ., ಬೈಕಿನಿಂದ ಬಿದ್ದರೂ ಸಿ.ಟಿ. ಹುಡುಕದೆಯೇ ಉಬ್ಬು ಕಣ್ಣಿಗೆ ಬೀಳುತ್ತದೆ. 4 ಮಿಲಿಮೀಟರ್ ಅನ್ಯೂರಿಸಂ ಎಂದು ರಿಪೋರ್ಟಿನಲ್ಲಿ ಬರೆದಿರುತ್ತಾರೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಇಂಥವರ ಬಗ್ಗೆ 2003ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 4,060 ರೋಗಿಗಳಿದ್ದರು. ಚಿಕಿತ್ಸೆ ಇಲ್ಲದೆ ಬಿಟ್ಟು ನೋಡಿದ 1,692 ಜನರಲ್ಲಿ, ಹಿಂದೆ ರಕ್ತಸ್ರಾವ ಆಗಿರದ, ಮುಂಭಾಗದ ನಾಳದ, 7 ಮಿಲಿಮೀಟರಿಗಿಂತ ಚಿಕ್ಕ ಉಬ್ಬುಗಳಲ್ಲಿ ಐದು ವರ್ಷದಲ್ಲಿ ಒಡೆದದ್ದು ಸೊನ್ನೆ. 7ರಿಂದ 12 ಮಿಲಿಮೀಟರ್ ಆದರೆ ನೂರಕ್ಕೆ 2.6. 25 ದಾಟಿದರೆ ನೂರಕ್ಕೆ 40. ಅದೇ 7ರಿಂದ 12ರ ಉಬ್ಬು ಹಿಂಭಾಗದ ನಾಳದಲ್ಲಿದ್ದರೆ 2.6 ಹೋಗಿ 14.5 ಆಗುತ್ತದೆ. ಗಾತ್ರ ಬದಲಾಗಿಲ್ಲ, ವಿಳಾಸ ಬದಲಾಗಿದೆ, ಅಷ್ಟಕ್ಕೇ ಐದು ಪಟ್ಟಿಗಿಂತ ಹೆಚ್ಚು. ಜಪಾನಿನಲ್ಲಿ 5,720 ರೋಗಿಗಳ, 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಉಬ್ಬುಗಳನ್ನು ಹಿಂಬಾಲಿಸಿದಾಗ ಕಂಡದ್ದು ವರ್ಷಕ್ಕೆ ನೂರಕ್ಕೆ 0.95. ಜಪಾನಿಗಳಿಗೂ ಫಿನ್ಲೆಂಡಿನವರಿಗೂ ಒಡೆಯುವ ಪ್ರವೃತ್ತಿ ಹೆಚ್ಚು.

ಸೊನ್ನೆ ನೋಡಿ ನಿರಾಳವಾಗುವ ಮುಂಚೆ ಒಂದು ವಿಚಿತ್ರ. ಐಸ್ಯಾಟ್‌ಗೆ ಬಂದ, ಅಂದರೆ ಉಬ್ಬು ಒಡೆದೇ ಬಂದ ರೋಗಿಗಳಲ್ಲಿ ಅರ್ಧದಷ್ಟು ಜನರ ಉಬ್ಬು 5 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದು. ಚಿಕ್ಕವು ಒಡೆಯುವುದಿಲ್ಲ ಎಂದರೆ ಇವರೆಲ್ಲ ಎಲ್ಲಿಂದ ಬಂದರು? ಚಿಕ್ಕವು ಒಡೆಯುವುದು ತೀರಾ ಅಪರೂಪ, ಆದರೆ ಚಿಕ್ಕವುಗಳ ಸಂಖ್ಯೆ ತೀರಾ ಹೆಚ್ಚು. ಅಪರೂಪವನ್ನು ಲಕ್ಷದಿಂದ ಗುಣಿಸಿದರೆ ವಾರ್ಡು ತುಂಬುತ್ತದೆ. ಒಬ್ಬ ರೋಗಿಗೆ ಧೈರ್ಯ ಹೇಳುವ ಡಾಕ್ಟರ್, ತುರ್ತು ವಿಭಾಗದಲ್ಲಿ ಅಂಥದ್ದೇ ಉಬ್ಬು ಒಡೆದ ಇನ್ನೊಬ್ಬರನ್ನು ಅದೇ ದಿನ ನೋಡಿರಬಹುದು.

ಹಾಗಾದರೆ ಮುಂಚೆಯೇ ಮುಚ್ಚಿಬಿಟ್ಟರೆ? 2019ರಲ್ಲಿ ಪ್ರಕಟವಾದ ಒಂದು ಒಟ್ಟು ಲೆಕ್ಕ 114 ಅಧ್ಯಯನಗಳ 1,06,433 ರೋಗಿಗಳನ್ನು ಒಂದೆಡೆ ತಂದಿತು. ಒಡೆಯದ ಉಬ್ಬಿಗೆ ನಾಳದೊಳಗಿನಿಂದ ಚಿಕಿತ್ಸೆ ಮಾಡಿದಾಗ ತೊಂದರೆ ಆದದ್ದು ನೂರಕ್ಕೆ 4.96, ಸಾವು 0.30. ತಲೆ ತೆರೆದಾಗ ತೊಂದರೆ 8.34, ಸಾವು 0.10. ತೊಂದರೆ ಕಡಿಮೆ ಇರುವ ಕಡೆ ಸಾವು ಕಡಿಮೆ ಇಲ್ಲ! ಎರಡೂ ಬಗೆಗೆ ಬಂದ ರೋಗಿಗಳು ಒಂದೇ ತರಹದವರಲ್ಲವಾದ್ದರಿಂದ ಇದನ್ನು ನೇರ ಸ್ಪರ್ಧೆ ಎಂದು ಓದಬಾರದು. ಆದರೂ ತಲೆ ತೆರೆಯುವುದಿಲ್ಲ ಎಂದಾಕ್ಷಣ ಸುಲಭದ ಕೆಲಸ ಎಂದುಕೊಳ್ಳುವವರಿಗೆ ಈ ಸಾಲು ತೋರಿಸಬೇಕು.

ಈಗ ಎರಡು ಲೆಕ್ಕ ಅಕ್ಕಪಕ್ಕ ಇಡಿ. 68 ವರ್ಷದವರ ಮುಂಭಾಗದ 4 ಮಿಲಿಮೀಟರಿನ ಉಬ್ಬು: ಮುಚ್ಚಿಸಿದರೆ ಈ ತಿಂಗಳೇ ನೂರಕ್ಕೆ ಐದು ಅಪಾಯ, ಬಿಟ್ಟರೆ ಐದು ವರ್ಷಕ್ಕೆ ಸೊನ್ನೆಯ ಆಸುಪಾಸು. 40 ವರ್ಷದವರ ಹಿಂಭಾಗದ 10 ಮಿಲಿಮೀಟರಿನದು: ಬಿಟ್ಟರೆ ಐದೇ ವರ್ಷಕ್ಕೆ ನೂರಕ್ಕೆ ಹದಿನಾಲ್ಕು, ಎದುರಿಗೆ ಇನ್ನೂ ನಲವತ್ತು ವರ್ಷದ ಬದುಕು. ಮೊದಲನೆಯವರಿಗೆ ಬಿ.ಪಿ. ಹತೋಟಿ, ಬೀಡಿ ಸಿಗರೇಟು ಬಂದ್, ಆಗಾಗ ಸ್ಕ್ಯಾನ್. ಎರಡನೆಯವರಿಗೆ ಕ್ಯಾಥ್ ಲ್ಯಾಬ್. ಕಾಯಿಲ್ ಅದೇ, ಕೈ ಅದೇ, ಚಿಕಿತ್ಸೆಯ ಅಪಾಯವೂ ಬಹುತೇಕ ಅದೇ. ಯಾವ ಸಂಖ್ಯೆಯ ಪಕ್ಕ ಅದನ್ನು ಇಡುತ್ತೇವೆ ಎನ್ನುವುದಷ್ಟೇ ಬೇರೆ.

ಕಾಯಿಲ್ ಹಿಡಿಯದ ಉಬ್ಬುಗಳೂ ಇವೆ. ಬಾಯಿ ಅಗಲವಾಗಿದ್ದರೆ ಸುರುಳಿ ಹೊರಗೆ ಜಾರುತ್ತದೆ. ಬಹಳ ದೊಡ್ಡದಿದ್ದರೆ ಎಷ್ಟು ತುಂಬಿದರೂ ಕುಗ್ಗುತ್ತದೆ. ಇವಕ್ಕೆ ಬಂದ ಉಪಾಯ ಉಬ್ಬಿನೊಳಗೆ ಕಾಲಿಡುವುದೇ ಇಲ್ಲ. ಫ್ಲೋ ಡೈವರ್ಟರ್ ಎಂಬ ಹೆಣೆದ ಕೊಳವೆಯನ್ನು ಮೂಲ ನಾಳದಲ್ಲಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಬಿಚ್ಚುತ್ತಾರೆ. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೈಪ್‌ಲೈನ್ ಎಂಬುದರಲ್ಲಿ 48 ತಂತಿಗಳಿವೆ, ಒಂದೊಂದೂ ಮಿಲಿಮೀಟರಿನ ಮೂವತ್ತನೇ ಒಂದು ಭಾಗದಷ್ಟು. ನಾಳದ ಗೋಡೆಯಲ್ಲಿ ಲೋಹ ಮುಚ್ಚುವುದು ನೂರಕ್ಕೆ 30ರಿಂದ 35 ಪಾಲು ಮಾತ್ರ, ಉಳಿದದ್ದೆಲ್ಲ ತೂತು. ಮೂರರಲ್ಲಿ ಎರಡು ಪಾಲು ತೂತಾದ ಜಾಲರಿ ರಕ್ತವನ್ನು ಹೇಗೆ ತಡೆದೀತು? ತಡೆಯುವುದಿಲ್ಲ, ಒಳಗೆ ಹೋದ ರಕ್ತದ ರಭಸ ಮುರಿಯುತ್ತದೆ. ರಭಸ ಕಳೆದುಕೊಂಡ ರಕ್ತ ಉಬ್ಬಿನೊಳಗೆ ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ನಾಳದ ಒಳಪದರವೇ ಹೊಸದಾಗಿ ಬೆಳೆದು ಬಾಯಿ ಮುಚ್ಚುತ್ತದೆ. ಸರಾಸರಿ 18 ಮಿಲಿಮೀಟರಿನ ಬೃಹತ್ ಉಬ್ಬುಗಳಿದ್ದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ಪೂರ್ತಿ ಮುಚ್ಚಿದ್ದು ಆರು ತಿಂಗಳಿಗೆ ನೂರಕ್ಕೆ 73.6, ವರ್ಷಕ್ಕೆ 86.8, ಐದು ವರ್ಷಕ್ಕೆ 95.2. ಕಾಯಿಲ್ ಕಾಲ ಕಳೆದಂತೆ ಸಡಿಲವಾಗಬಹುದು, ಇದು ಕಾಲ ಕಳೆದಂತೆ ಗಟ್ಟಿಯಾಗುತ್ತದೆ. ಪುಕ್ಕಟೆಯೇನಲ್ಲ. ಅದೇ ರೋಗಿಗಳಲ್ಲಿ ನೂರಕ್ಕೆ 5.6 ಜನರಿಗೆ ದೊಡ್ಡ ಲಕ್ವ ಹೊಡೆಯಿತು ಅಥವಾ ಮಿದುಳಿನ ಕಾರಣಕ್ಕೆ ಸಾವು ಬಂತು. ಜಾಲರಿಯ ಮೇಲೆ ಹೆಪ್ಪು ಕಟ್ಟದಂತೆ ತಿಂಗಳುಗಟ್ಟಲೆ ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆ ನುಂಗಬೇಕು. ಆಗಷ್ಟೇ ಒಡೆದ ಉಬ್ಬಿಗೆ ಇದನ್ನು ಹಾಕಲು ಡಾಕ್ಟರುಗಳು ಹಿಂಜರಿಯುವುದು ಈ ಮಾತ್ರೆಗಳ ಕಾರಣಕ್ಕೇ.

ಅಗಲ ಬಾಯಿಯ ಕವಲು ಉಬ್ಬುಗಳಿಗೆ ಈಗ ಇನ್ನೊಂದು ಬಂದಿದೆ, ವೆಬ್ ಎಂಬ ಹೆಣೆದ ಬುಟ್ಟಿ. 150 ರೋಗಿಗಳ ಅಮೆರಿಕನ್ ಅಧ್ಯಯನದಲ್ಲಿ ಗಂಭೀರ ತೊಂದರೆ ಒಬ್ಬರಿಗೆ ಮಾತ್ರ, ನೂರಕ್ಕೆ 0.7. ಆದರೆ ವರ್ಷದ ಕೊನೆಗೆ ಪೂರ್ತಿ ಮುಚ್ಚಿದ್ದು ನೂರಕ್ಕೆ 53.8. ಸುರಕ್ಷತೆ ಮತ್ತು ಪರಿಣಾಮ ಯಾವಾಗಲೂ ಜೋಡಿಯಾಗಿ ಏರುವುದಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಒಡೆಯದ ಉಬ್ಬಿಗೂ ಐಸ್ಯಾಟ್‌ನಂಥದ್ದೇ ಒಂದು ಚೀಟಿ ಎತ್ತುವ ಅಧ್ಯಯನ ಮಾಡಿ, ಮುಚ್ಚುವುದು ಒಳ್ಳೆಯದೋ ಸುಮ್ಮನೆ ಬಿಡುವುದು ಒಳ್ಳೆಯದೋ ತೀರ್ಮಾನಿಸಿಬಿಡೋಣ ಎಂದು ಹೊರಟವರೂ ಇದ್ದರು. ಕೆನಡಾದ ಜ್ಯಾಂ ರೇಮಂಡ್ ನೇತೃತ್ವದಲ್ಲಿ 2006ರಲ್ಲಿ ಶುರುವಾದ ಟೀಮ್ ಎಂಬ ಅಧ್ಯಯನ ಅದು. ಹತ್ತು ವರ್ಷ ಹಿಂಬಾಲಿಸಬೇಕು, 2,002 ರೋಗಿಗಳು ಬೇಕು ಎಂದು ಲೆಕ್ಕ ಹಾಕಿದ್ದರು. ತಲೆಯಲ್ಲಿ ಉಬ್ಬು ಇದೆ ಎಂದು ಗೊತ್ತಾದವರಿಗೆ, ಅದನ್ನು ಮುಚ್ಚುವುದೋ ಬಿಡುವುದೋ ಚೀಟಿ ಹೇಳಲಿ ಎಂದು ಒಪ್ಪಿಸಬೇಕಿತ್ತು. ಒಪ್ಪುವುದು ರೋಗಿಗಳಿಗೂ ಕಷ್ಟ, ಕೇಳುವುದು ಡಾಕ್ಟರುಗಳಿಗೂ ಕಷ್ಟ. ಮೂರು ವರ್ಷದಲ್ಲಿ ಒಪ್ಪಿ ಬಂದವರು 80 ಜನ. 2009ರಲ್ಲಿ ಅಧ್ಯಯನವನ್ನು ನಿಲ್ಲಿಸಿದರು.